ಮೂರರಿಂದ ನಾಲ್ಕರವರೆಗೆ

ಮಾದಿಹಳ್ಳಿ
೮ ಜನವರಿ ೨೦೨೪

ರಾಣಿ ಟೀಚರಿಗೆ ಹೇಮಾಶ್ರೀ ಮಾಡುವ ನಮಸ್ಕಾರಗಳು.

ಶನಿವಾರ ನೀವು ಫೋನ್ ಮಾಡಿದಾಗ ನಾನು ಸುಮ್ಮನಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಫೋನ್ ಕಿವಿಗಿಟ್ಟರೆ ನನಗೆ ಮಾತು ಹೊರಡುವುದಿಲ್ಲ. ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ಹೀಗೇ ಆಗಿತ್ತು. ಗೊತ್ತಿದ್ದ ಉತ್ತರವನ್ನು ಹಾಳೆಯ ಮೇಲೆ ಬರೆದು ತೋರಿಸಿದ್ದೆ. ಆದ್ದರಿಂದ ಎಂದಿನಂತೆ ಕಾಗದವೇ ಸರಿ.

ಚೇತನಣ್ಣ ಹಾಗೆಯೇ ಇದ್ದಾನೆ. ಬೇಲೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮೊನ್ನೆಗೆ ಎರಡೂವರೆ ವರ್ಷ ದಾಟಿತು. ಕಣ್ಣು ತೆರೆದಿರುತ್ತದೆ, ಯಾರನ್ನೂ ಹಿಂಬಾಲಿಸುವುದಿಲ್ಲ. ಅಮ್ಮ ದಿನವೂ ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವಾಗ "ಬಿಸಿ ಐತಾ ಚೇತು?" ಎಂದು ಕೇಳುತ್ತಾರೆ. ಕೇಳಿ, ಉತ್ತರ ಬಂದವರಂತೆ ಸ್ವಲ್ಪ ಆರಿಸುತ್ತಾರೆ. ಎರಡು ಗಂಟೆಗೊಮ್ಮೆ ನಾನು ಮಗ್ಗುಲು ತಿರುಗಿಸುತ್ತೇನೆ. ಬೆನ್ನಿನಲ್ಲಿ ಹುಣ್ಣಾಗಿಲ್ಲ. ಇದೊಂದನ್ನು ಮಾತ್ರ ನಾನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಹಾಸನದ ಆಸ್ಪತ್ರೆಯ ವರಾಂಡದಲ್ಲಿ ನಿಮ್ಮ ವೀಲ್‌ಚೇರ್ ನಿಲ್ಲಿಸಿಕೊಂಡು ಅಣ್ಣನ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡಿರಿ. ದಿನಾ ಮಧ್ಯಾಹ್ನ ಮೂರರಿಂದ ನಾಲ್ಕು ನನ್ನ ಗಂಟೆ, ಆಗ ಅವನಿಗಾಗಿ ಬೇಡುತ್ತೇನೆ ಎಂದಿರಿ. ಅಂದಿನಿಂದ ಆ ಒಂದು ಗಂಟೆ ನಾನು ಹೊರಗೆ ಹೋಗುತ್ತೇನೆ. ಮೂರಕ್ಕೆ ಅವನನ್ನು ತಿರುಗಿಸಿ, ಅಮ್ಮನನ್ನು ಮಲಗಲು ಹೇಳಿ, ಪಂಪ್‌ಹೌಸಿನ ಹಿಂದೆ ಹೋಗಿ ಕೂರುತ್ತೇನೆ. ಆಗ ಅಣ್ಣ ನಿಮ್ಮ ವಶದಲ್ಲಿದ್ದಾನೆ ಅಂದುಕೊಳ್ಳುತ್ತೇನೆ. ನಿಮ್ಮ ದೇವರನ್ನು ನಂಬುತ್ತೇನೋ ಇಲ್ಲವೋ ನನಗೆ ತಿಳಿಯದು. ನೀವು ಮೂರಕ್ಕೆ ಸರಿಯಾಗಿ ಶುರು ಮಾಡುತ್ತೀರಿ ಎಂಬುದನ್ನು ನಂಬುತ್ತೇನೆ.

ನಿಮ್ಮ
ಹೇಮಾಶ್ರೀ


ಅರಸೀಕೆರೆ
೧೬ ಜನವರಿ ೨೦೨೪

ಪ್ರೀತಿಯ ಹೇಮಾ,

ಪಂಪ್‌ಹೌಸಿನ ಹಿಂದೆ ಕೂರುವ ವಿಷಯ ಓದಿ ನಕ್ಕೆ. ಕೂತುಕೋ. ಆ ಗಂಟೆ ನನ್ನದು ಎಂದ ಮೇಲೆ ನೀನು ಒಳಗೆ ಏಕಿರಬೇಕು?

ಸರಪಳಿ ಪ್ರಾರ್ಥನೆ ಎಂದರೆ ಏನು ಎಂದು ಹಿಂದೆ ಕೇಳಿದ್ದೆ. ನಮ್ಮ ಚರ್ಚಿನ ಸಭೆಯ ಹನ್ನೆರಡು ಹೆಂಗಸರು ಬೆಳಗಿನ ಆರರಿಂದ ಸಂಜೆ ಆರರವರೆಗೆ ಒಂದೊಂದು ಗಂಟೆ ಹಂಚಿಕೊಂಡಿದ್ದೇವೆ. ಅವರವರ ಮನೆಯಲ್ಲೇ ಕೂತು, ಪಟ್ಟಿಯಲ್ಲಿರುವ ಹೆಸರುಗಳಿಗಾಗಿ ಪ್ರಾರ್ಥಿಸುವುದು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯಬೇಕು, ನಡುವೆ ಕಡಿಯಬಾರದು. ಮೂರು ಗಂಟೆ ಯಾರಿಗೂ ಬೇಡವಾಗಿತ್ತು. ಉಂಡು ಕಣ್ಣು ಎಳೆಯುವ ಹೊತ್ತು ನೋಡು. ಬೆನ್ನುಮೂಳೆಗೆ ಕ್ಷಯ ಬಂದು ಹನ್ನೆರಡು ವರ್ಷದಿಂದ ಮಂಚ ಹಿಡಿದವಳು ನಾನು, ನನ್ನ ಪಾಲಿಗೆ ಬಂತು.

ಅಕ್ಕ ಮರಿಯಮ್ಮ ಈಗಷ್ಟೇ ಕೊಬ್ಬರಿ ಮಂಡಿಯ ಕೆಲಸ ಮುಗಿಸಿ ಬಂದಳು. "ಬೆನ್ನಾಗೆ ಜೀವ ಇಲ್ಲ, ಬೆರಳಾಗೆ ಮಾತ್ರ ಹಿಂಗೆ ಓಡ್ತೈತೆ," ಎಂದು ರೇಗಿಸಿ ಒಲೆ ಹಚ್ಚಲು ಹೋದಳು.

ಅವಳು ಇಲ್ಲದಾಗ ಒಂದು ಮಾತು ಹೇಳಿಬಿಡುತ್ತೇನೆ. ದೀಪಾವಳಿಯಿಂದ ಈಚೆಗೆ ನೋವು ಹೆಚ್ಚಿದೆ. ಅದನ್ನು ತಡೆಯುತ್ತೇನೆ. ತಡೆಯಲಾಗದ್ದು ಬೇರೆ. ಪಟ್ಟಿಯಲ್ಲಿ ಮೂವತ್ತೊಂದು ಹೆಸರುಗಳಿವೆ. ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದೆನಲ್ಲ, ಖಾಲಿ ಕೋಣೆಯಲ್ಲಿ ನಿಂತು ಹಾಜರಿ ಕೂಗಿದ ಹಾಗಿರುತ್ತದೆ. ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಚೇತನನ ಹೆಸರು ಬಂದಾಗ ಮಾತ್ರ ಆಚೆ ಕಡೆ ಯಾರೋ ಇದ್ದಾರೆ ಅನಿಸುತ್ತದೆ. ಅವನೂ ನನ್ನಂತೆ ಮಲಗಿದವನು ಎಂದಿರಬಹುದು. ಆ ಒಂದು ಹೆಸರಿನ ಮೇಲೆ ನನ್ನ ನಂಬಿಕೆಯೆಲ್ಲ ನಿಂತಿದೆ, ಹೇಮಾ. ಅವನೂ ಹೋದರೆ ನಾನು ಪುಸ್ತಕ ಮುಚ್ಚಿಬಿಡುತ್ತೇನೆ. ಮತ್ತೆ ತೆರೆಯುವ ಶಕ್ತಿ ನನ್ನಲ್ಲಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ರಾಣಿ


ಮಾದಿಹಳ್ಳಿ
೨ ಫೆಬ್ರವರಿ ೨೦೨೪
(ಅಂಚೆಗೆ ಹಾಕಲಿಲ್ಲ)

ಟೀಚರ್,

ಅಣ್ಣ ಹೋದ. ಜನವರಿ ಇಪ್ಪತ್ತೈದು, ಗುರುವಾರ.

ಮೂರಕ್ಕೆ ಅವನನ್ನು ಎಡಮಗ್ಗುಲಿಗೆ ತಿರುಗಿಸಿ ಪಂಪ್‌ಹೌಸಿಗೆ ಹೋದೆ. ಬಿಸಿಲು ಕಾಲಿಗೆ ಬಂತೆಂದು ಜಾಗ ಬದಲಿಸಲು ಎದ್ದವಳು ಏಕೋ ಒಳಗೆ ಬಂದೆ. ಮೂರೂವರೆ ಇನ್ನೂ ಆಗಿರಲಿಲ್ಲ. ಬೆನ್ನು ಹುಣ್ಣಾಗದಿರಲೆಂದು ತಂದ ಗಾಳಿಹಾಸಿಗೆಯ ಮೋಟಾರು ಎಂದಿನಂತೆ ಉಸಿರಾಡುತ್ತಿತ್ತು. ಅಣ್ಣ ಉಸಿರಾಡುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅಮ್ಮ ನಿದ್ದೆಯಲ್ಲಿದ್ದರು. ಅವರನ್ನು ಎಬ್ಬಿಸುವ ಮೊದಲು ನಾನು ಅಣ್ಣನನ್ನು ಬಲಮಗ್ಗುಲಿಗೆ ತಿರುಗಿಸಿದೆ. ಏಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು. ಬುಧವಾರ ಹಾಸನದ ಬಾಡಿಗೆ ಅಂಗಡಿಯ ಪುಟ್ಟರಾಜು ಬಂದು ಹಾಸಿಗೆ, ಮೋಟಾರು ಎರಡನ್ನೂ ವ್ಯಾನಿಗೆ ಹಾಕಿಕೊಂಡು ಹೋದರು. ಸದ್ದು ಮಾತ್ರ ಮನೆಯಲ್ಲೇ ಉಳಿದಿದೆ.

ನಿಮ್ಮ ಗಂಟೆಯಲ್ಲಿ ಹೋದ ಟೀಚರ್. ನೀವು ಅವನ ಹೆಸರು ಹೇಳುತ್ತಿದ್ದ ಹೊತ್ತಿನಲ್ಲೇ ಹೋದ. ಇದನ್ನು ನಿಮಗೆ ಹೇಗೆ ಬರೆಯಲಿ? ಪುಸ್ತಕ ಮುಚ್ಚಿಬಿಡುತ್ತೇನೆ ಎಂದು ಬರೆದಿದ್ದೀರಿ. ಇದನ್ನು ಡಬ್ಬಿಗೆ ಹಾಕುವುದಿಲ್ಲ ಎಂದು ಬರೆಯುವಾಗಲೇ ನನಗೆ ಗೊತ್ತಾಗುತ್ತಿದೆ.


ಮಾದಿಹಳ್ಳಿ
೬ ಫೆಬ್ರವರಿ ೨೦೨೪

ರಾಣಿ ಟೀಚರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಮನೆಯಲ್ಲಿ ನೆಂಟರಿದ್ದರು.

ಅಣ್ಣ ಹಾಗೆಯೇ ಇದ್ದಾನೆ.

ಒಂದು ಸಂಗತಿ ನಡೆಯಿತು. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಗುರುವಾರ ಮಧ್ಯಾಹ್ನ ನಾನು ಒಳಗೆ ಬಂದಾಗ ಅವನ ಎಡಗೈಯ ಕಿರುಬೆರಳು ಅಲ್ಲಾಡಿತು. ಹಾಸಿಗೆಯ ಅಂಚನ್ನು ಮುಟ್ಟಿ ನೋಡುವವನ ಹಾಗೆ, ಎರಡು ಸಲ. ಆಮೇಲೆ ಸುಮ್ಮನಾದ.

ನೋವು ಹೇಗಿದೆ ಬರೆಯಿರಿ.

ಹೇಮಾಶ್ರೀ


ಅರಸೀಕೆರೆ
೨೦ ಫೆಬ್ರವರಿ ೨೦೨೪

ನನ್ನ ಮಗೂ,

ನಿನ್ನ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಒಂದು ದಿನವಿಡೀ ಮಲಗಿದ್ದೆ. ಎರಡು ಸಲ! ನೀನು ಬಹಳ ಎಚ್ಚರಿಕೆಯ ಹುಡುಗಿ, ಇಲ್ಲದ್ದನ್ನು ಬರೆಯುವವಳಲ್ಲ. ಹಾಸಿಗೆಯ ಅಂಚು ಮುಟ್ಟಿ ನೋಡುವವನ ಹಾಗೆ ಎಂದು ಬರೆದಿದ್ದೀಯಲ್ಲ, ಅದನ್ನು ಕಣ್ಣಾರೆ ಕಾಣದವರು ಬರೆಯಲಾರರು.

ಮೊನ್ನೆ ಭಾನುವಾರ ಅದನ್ನು ಸಭೆಯಲ್ಲಿ ಸಾಕ್ಷಿಯಾಗಿ ಕೊಟ್ಟೆ. ಆರಾಧನೆಯ ನಡುವೆ ಸಾಕ್ಷಿಯ ಹೊತ್ತು ಎಂದು ಇರುತ್ತದೆ. ದೇವರಿಂದ ಏನನ್ನಾದರೂ ಪಡೆದವರು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ನಾಲ್ಕು ವರ್ಷದಿಂದ ನಾನು ಏನನ್ನೂ ಹೇಳಿ ಕಳಿಸಿರಲಿಲ್ಲ. ಅಕ್ಕ ನಿನ್ನ ಕಾಗದ ಹಿಡಿದು ನಿಂತು ಓದಿದಳು. ಕಿರುಬೆರಳು ಬರುವ ಹೊತ್ತಿಗೆ ಕಾಗದವನ್ನು ಪಾದ್ರಿ ಅಯ್ಯನವರ ಕೈಗೆ ಕೊಟ್ಟುಬಿಟ್ಟಳು, ಉಳಿದದ್ದನ್ನು ಅವರೇ ಓದಿದರಂತೆ.

ಆ ದಿನ ಬಿಕ್ಕೋಡಿನ ಕೋಮಲ ಎಂಬ ಹೆಂಗಸು ಬಂದಿದ್ದಳಂತೆ, ಇಲ್ಲಿ ಅವಳ ಚಿಕ್ಕಮ್ಮನ ಮನೆಯಿದೆ. ಅವಳ ಗಂಡ ದೇವೇಂದ್ರ ಎಸ್ಟೇಟಿನಲ್ಲಿ ಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಾನೆ. ಒಂದು ವರ್ಷವಾಯಿತು. ಆರಾಧನೆ ಮುಗಿದ ಮೇಲೆ ಅಕ್ಕನ ಸೆರಗು ಹಿಡಿದುಕೊಂಡು "ಆ ಅಣ್ಣ ಎಷ್ಟ್ ವರ್ಷ ಮಲಗಿದ್ರಕ್ಕ?" ಎಂದು ಮೂರು ಮೂರು ಸಲ ಕೇಳಿದಳಂತೆ.

ಈಗ ಮೂವತ್ತೊಂದು ಹೆಸರುಗಳೂ ನನಗೆ ಮತ್ತೆ ಜನರಾಗಿ ಕಾಣುತ್ತಿವೆ. ಬೇರೆ ಬೆರಳುಗಳು? ಕಣ್ಣು? ಏನಿದ್ದರೂ ಬರೆ.

ರಾಣಿ


ಮಾದಿಹಳ್ಳಿ
೧ ಮಾರ್ಚ್ ೨೦೨೪

ಟೀಚರಿಗೆ ನಮಸ್ಕಾರ.

ದಯವಿಟ್ಟು ನನ್ನ ಕಾಗದಗಳನ್ನು ಸಭೆಯಲ್ಲಿ ಓದಿಸಬೇಡಿ. ನಾನು ನಿಮಗೊಬ್ಬರಿಗೆ ಬರೆಯುತ್ತೇನೆ.

ಬೆರಳು ಮತ್ತೆ ಆಡಲಿಲ್ಲ. ನಾನು ಸರಿಯಾಗಿ ನೋಡಿರಲಿಕ್ಕಿಲ್ಲ. ಹಾಸಿಗೆಯ ಗಾಳಿ ಅತ್ತಿತ್ತ ಹರಿಯುವಾಗ ಮೈ ತಾನೇ ಅಲುಗುವುದುಂಟು. ಅದಾಗಿರಬಹುದು. ಇದನ್ನು ಮರಿಯಮ್ಮಕ್ಕನಿಗೂ ಹೇಳಿ.

ಮೋಟಾರಿನ ಸದ್ದು ನನಗೆ ಈಗ ಎಲ್ಲ ಕಡೆ ಕೇಳಿಸುತ್ತದೆ. ನಿನ್ನೆ ಹಳೇಬೀಡಿಗೆ ಔಷಧಿ ಅಂಗಡಿಗೆ ಹೋಗಿದ್ದೆ. ದೇವಸ್ಥಾನದ ಹಿಂದಿನ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಗೋಡೆಯ ಕಲ್ಲಿನ ಆನೆಗಳ ಸಾಲಿನ ಒಳಗಿನಿಂದ ಅದೇ ಸದ್ದು ಬರುತ್ತಿತ್ತು. ಎರಡು ಗಂಟೆಗೊಮ್ಮೆ ಕೈ ತಾನಾಗಿ ಏಳುತ್ತದೆ, ಯಾರನ್ನೋ ತಿರುಗಿಸಬೇಕು ಎಂಬಂತೆ. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಹೆಗಲ ಮೇಲೆ ಕೈಯಿಟ್ಟುಬಿಟ್ಟೆ. "ಏನವ್ವ, ತಲೆ ಸುತ್ತುತಾ?" ಎಂದು ಅವರು ಕೇಳಿದರು. ಹೌದು ಎಂದೆ.

ಮೂರು ಗಂಟೆಗೆ ನಾನು ಈಗ ಪಂಪ್‌ಹೌಸಿಗೆ ಹೋಗುತ್ತಿಲ್ಲ.

ಹೇಮಾಶ್ರೀ


ಅರಸೀಕೆರೆ
೮ ಮಾರ್ಚ್ ೨೦೨೪

ಹೇಮಾ,

ನಿನ್ನ ಕಾಗದದಲ್ಲಿ ದಣಿವು ಕಂಡಿತು. ನಿದ್ದೆಗೆಟ್ಟ ಮೈಗೆ ಹಾಗೆಲ್ಲ ಸದ್ದು ಕೇಳಿಸುತ್ತದೆ, ಹೆದರಬೇಡ. ಕಂಡದ್ದನ್ನು ಕಾಣಲಿಲ್ಲ ಎಂದು ಹೇಳಿಕೊಳ್ಳುವುದು ಮಾತ್ರ ಬೇಡ. ಒಳ್ಳೆಯದು ಬಂದಾಗ ಅದನ್ನು ನಂಬಲು ಹೆದರುವುದು ಬಹಳ ದಿನ ಕಷ್ಟ ಪಟ್ಟವರ ಸ್ವಭಾವ. ನನಗೂ ಅದು ಇತ್ತು. ನಿನ್ನ ಪಾಲಿನ ನಂಬಿಕೆಯನ್ನೂ ಸದ್ಯಕ್ಕೆ ನಾನೇ ಇಟ್ಟುಕೊಂಡಿರುತ್ತೇನೆ. ನೀನು ಹೋಗಿ ಪಂಪ್‌ಹೌಸಿನ ಹಿಂದೆ ಕೂತುಕೋ.

ಸೊಂಟದ ಹುಣ್ಣು ಮತ್ತೆ ಬಾಯಿಬಿಟ್ಟಿದೆ. ಡಾಕ್ಟರು ಕೂರಬಾರದು, ಎತ್ತಿ ಒಯ್ಯಬಾರದು ಎಂದಿದ್ದಾರೆ. ಹೋದ ವರ್ಷವಾಗಿದ್ದರೆ ಅಳುತ್ತಿದ್ದೆ. ಈ ಸಲ ನೋವು ಬಂದಾಗ ಆ ಕಿರುಬೆರಳನ್ನು ನೆನೆಸಿಕೊಳ್ಳುತ್ತೇನೆ.

ಕೋಮಲ ಮತ್ತೆ ಬಂದಿದ್ದಳು. ಚೇತನನನ್ನು ಒಮ್ಮೆ ಕಣ್ಣಿಂದ ನೋಡಬೇಕಂತೆ. ನಿನ್ನ ವಿಳಾಸ ಕೊಟ್ಟಿದ್ದೇನೆ. ಬಂದರೆ ಒಂದು ಲೋಟ ಕಾಫಿ ಕೊಡು, ಮಾತು ಬರದಿದ್ದರೆ ಪರವಾಗಿಲ್ಲ.

ರಾಣಿ


ಮಾದಿಹಳ್ಳಿ
೨೧ ಮಾರ್ಚ್ ೨೦೨೪

ಟೀಚರ್,

ಭಾನುವಾರ ಹನ್ನೊಂದು ಗಂಟೆಗೆ ಕೋಮಲ ಬಂದರು. ಬಿಕ್ಕೋಡಿನಿಂದ ಬೇಲೂರಿಗೆ ಜೀಪು, ಅಲ್ಲಿಂದ ಬಸ್ಸು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅಮ್ಮ ಬಾಗಿಲು ತೆಗೆದರು. ಮಾತೆಲ್ಲ ನನಗೆ ಕೇಳಿಸಿತು.

"ಚೇತನಣ್ಣನ್ನ ನೋಡ್ಕೊಂಡ್ ಹೋಗಾನ ಅಂತ ಬಂದೆ ಕಣಮ್ಮ. ಬೆರಳು ಆಡಿಸ್ತಾ ಅವ್ರಂತಲ್ಲ."

"ಯಾರವ್ವ ನೀನು? ಯಾರ್ ಹೇಳಿದ್ದು ನಿಂಗೆ?"

"ಅರಸೀಕೆರೆ ಚರ್ಚಲ್ಲಿ ಓದಿದ್ರು. ನಿಮ್ ಮಗಳೇ ಕಾಗ್ದ ಬರ್ದವ್ರೆ."

ಅಮ್ಮ ಬಾಗಿಲನ್ನು ಪೂರ್ತಿ ತೆರೆದ ಸದ್ದಾಯಿತು. ಆಮೇಲೆ "ಒಳಿಕ್ಕೆ ಬಾ. ಅಲ್ಲವ್ನೆ, ನೋಡು," ಎಂದರು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕೋಮಲ ಗೋಡೆಯ ಮೇಲಿನ ಪಟದ ಮುಂದೆ ನಿಂತಿದ್ದರು. ಅಣ್ಣನ ಪಟಕ್ಕೆ ಹಾರ ಹಾಕಿತ್ತು.

ಅಣ್ಣ ಹೋಗಿ ಎಂಟು ವಾರವಾಯಿತು, ಟೀಚರ್. ಜನವರಿ ಇಪ್ಪತ್ತೈದರಂದು. ಬೆಳಗಿನ ಜಾವ, ಆರಕ್ಕೆ ಮುಂಚೆ. ನಿಮ್ಮ ಸರಪಳಿ ಶುರುವಾಗುವ ಮೊದಲೇ. ಯಾರ ಗಂಟೆಯೂ ಆಗಿರಲಿಲ್ಲ. ಬೆರಳು ಆಡಲಿಲ್ಲ. ಅದನ್ನು ನಾನು ಬರೆದೆ. ಬರೆಯುವಾಗ ಕಣ್ಣಿಗೆ ಕಂಡಿತು, ಅದಕ್ಕೇ ಅಷ್ಟು ಚೆನ್ನಾಗಿ ಬಂತು.

ಕೋಮಲ ನನ್ನನ್ನು ಬೈಯಲಿಲ್ಲ. "ಸುಳ್ಳಾ?" ಎಂದರು. ತಲೆಯಾಡಿಸಿದೆ. "ಒಂದ್ ವರ್ಷದಿಂದ ನಮ್ಮನೆಯೋರು ಯಾರ್ ಮಾತೂ ಕಿವಿಗೆ ಹಾಕ್ಕಂತಿರ್ಲಿಲ್ಲ. ನಿಮ್ ಕಾಗ್ದದ ಸುದ್ದಿ ಹೇಳಿದ್ ದಿನ, ದಿಂಬು ಕೊಡು ಒರಗಿ ಕೂತ್ಕಂತೀನಿ ಅಂದ್ರು. ದಿನಾ ಕೂತ್ಕಂಡು ಕಾಲ್ಬೆರಳು ನೋಡ್ತಾರೆ. ಈಗ ಹೋಗಿ ಏನ್ ಹೇಳ್ಲಿ?"

ಬಾಳೆಹಣ್ಣನ್ನು ಪಟದ ಮುಂದಿಟ್ಟು ಕೋಮಲ ಹೊರಟುಹೋದರು. ಕಾಫಿ ಕೊಡುವುದು ಮರೆತೆ.

ಹೇಮಾಶ್ರೀ


ಮಾದಿಹಳ್ಳಿ
೩೦ ಮಾರ್ಚ್ ೨೦೨೪

ಟೀಚರ್, ನಿಮಗೆ ಕಾಗದ ತಲುಪಿರಬೇಕು. ಬೈದಾದರೂ ಒಂದು ಸಾಲು ಬರೆಯಿರಿ.


ಅರಸೀಕೆರೆ
೩ ಏಪ್ರಿಲ್ ೨೦೨೪

ಹೇಮಾಶ್ರೀ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಶುಭ ಶುಕ್ರವಾರ, ಈಸ್ಟರ್ ಎರಡೂ ಕಳೆದವು. ಮೂರಾಗುತ್ತಿದ್ದಂತೆ ನನ್ನನ್ನು ಗೋಡೆಯ ಕಡೆ ತಿರುಗಿಸು ಎಂದು ಅಕ್ಕನಿಗೆ ಹೇಳುತ್ತೇನೆ. ಗಡಿಯಾರ ಕಾಣಬಾರದು. ನಮ್ಮ ಸರಪಳಿ ನನ್ನ ಮನೆಯಲ್ಲಿ ಕಡಿದಿದೆ. ಎರಡಕ್ಕೆ ಪ್ರಾರ್ಥಿಸುವವಳಿಗೂ ನಾಲ್ಕಕ್ಕೆ ಪ್ರಾರ್ಥಿಸುವವಳಿಗೂ ಅದು ಗೊತ್ತಿಲ್ಲ.

ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಬೇಡುವ ಪದ್ಧತಿಯಿಲ್ಲ. ಅವರು ದೇವರ ಕೈ ಸೇರಿದವರು, ನಮ್ಮ ಮಾತು ಅಲ್ಲಿಗೆ ಬೇಕಿಲ್ಲ. ನಾನು ಎರಡು ತಿಂಗಳು ಮಣ್ಣಿನೊಳಗಿನ ಒಂದು ಕೈ ಅಲ್ಲಾಡಲಿ ಎಂದು ಬೇಡಿದ್ದೇನೆ. ಈಗ ಕಣ್ಣು ಮುಚ್ಚಿದರೆ ಅದು ಕಾಣುತ್ತದೆ. ನೀನು ಚೆನ್ನಾಗಿ ಬರೆಯುತ್ತೀ.

ನನಗೆ ಕರುಣೆ ತೋರಿಸಿದೆ ಎಂದುಕೊಂಡಿರಬಹುದು. ಹನ್ನೆರಡು ವರ್ಷ ಸತ್ಯವನ್ನು ಮೈಮೇಲೆ ಹೊತ್ತುಕೊಂಡು ಮಲಗಿದವಳಿಗೆ ಒಂದು ಸಾವಿನ ಸುದ್ದಿ ತಡೆಯಲಾಗುವುದಿಲ್ಲ ಎಂದು ನೀನು ಹೇಗೆ ತೀರ್ಮಾನಿಸಿದೆ? ನಾನೇ ಹಾಗೆ ಬರೆದಿದ್ದೆ, ನಿಜ. ಬರೆದದ್ದನ್ನೆಲ್ಲ ನಂಬಬೇಕೆ?

ಅಕ್ಕ ಹೇಳುತ್ತಾಳೆ, "ಸುಮ್ನಿರೇ. ಬೆರಳು ಆಡ್ತು, ಆಮ್ಯಾಕೆ ಹೋದ ಅಂದ್ರಾಯ್ತು. ಯಾರ್ ಬಂದು ನಾಡಿ ಹಿಡ್ದು ನೋಡ್ತಾರೆ?" ಅಯ್ಯನವರು ಸಮಯ ನೋಡಿ ಹೇಳೋಣ ಎನ್ನುತ್ತಾರೆ. ನನಗೆ ಆಗದು. ಸುಳ್ಳು ಸಾಕ್ಷಿ ದೇವರ ಮನೆಯಲ್ಲಿ ನನ್ನ ಹೆಸರಿನಲ್ಲಿ ನಿಂತಿದೆ. ಅದನ್ನು ಅಲ್ಲೇ, ಬಾಯಿಂದಲೇ ಇಳಿಸಬೇಕು.

ನನ್ನನ್ನು ಎತ್ತಿ ಒಯ್ಯುವ ಹಾಗಿಲ್ಲ. ನೀನು ಬಾ. ಹದಿನಾಲ್ಕನೆಯ ತಾರೀಖು ಭಾನುವಾರ, ಒಂಬತ್ತೂವರೆಗೆ. ಬರೆದುಕೊಂಡು ಬಂದು ಓದುವುದು ಬೇಡ. ಎಲ್ಲರ ಮುಂದೆ ಮಾತಿನಲ್ಲಿ ಹೇಳು. ಆಮೇಲೆ ನನಗೆ ಬರೆಯದಿದ್ದರೂ ಸರಿ.

ರಾಣಿ


ಮಾದಿಹಳ್ಳಿ
೧೫ ಏಪ್ರಿಲ್ ೨೦೨೪

ಟೀಚರಿಗೆ ನಮಸ್ಕಾರ.

ನೀವು ಬರೆಯದಿದ್ದರೂ ಸರಿ ಎಂದಿದ್ದೀರಿ. ಆದರೂ ಬರೆಯುತ್ತಿದ್ದೇನೆ.

ನಿನ್ನೆ ಬಂದೆ. ಸಾಕ್ಷಿಯ ಹೊತ್ತಿಗೆ ಅಯ್ಯನವರು ನನ್ನ ಕಡೆ ನೋಡಿದರು. ಎದ್ದು ನಿಂತೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಫ್ಯಾನುಗಳೆಲ್ಲ ಒಂದೇ ಸಮನೆ ತಿರುಗುತ್ತಿದ್ದವು, ಅವುಗಳ ಸದ್ದೂ ಮೋಟಾರಿನ ಸದ್ದಾಗಿಬಿಟ್ಟಿತು. ಮರಿಯಮ್ಮಕ್ಕ ಬಂದು ಲೋಟ ಕೊಟ್ಟು, "ಕುಡಿ. ಅವ್ಸರ ಇಲ್ಲ, ಅಯ್ಯನೋರು ಉಪದೇಶ ಮಾಡೋದ್ಕಿಂತ ನೀನು ಸುಮ್ಕೆ ನಿಂತಿರೋದೇ ವಾಸಿ," ಎಂದು ಕಿವಿಯಲ್ಲಿ ಹೇಳಿದರು. ಮುಂದಿನ ಸಾಲಿನವರಿಗೆ ಕೇಳಿಸಿ ಒಬ್ಬರು ನಕ್ಕರು. ಆಗ ಮಾತು ಬಂತು.

ನನ್ನ ಅಣ್ಣ ಜನವರಿಯಲ್ಲೇ ಸತ್ತಿದ್ದಾನೆ, ಬೆರಳಿನ ಮಾತು ಸುಳ್ಳು, ಟೀಚರಿಗೆ ಗೊತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಇಷ್ಟೇ ಹೇಳಿ ಕೂರಬೇಕೆಂದಿದ್ದೆ. ಹಿಂದಿನ ಸಾಲಿನಿಂದ ಕೋಮಲ ಕೇಳಿದರು, "ಎಷ್ಟೊತ್ನಾಗೆ ಹೋದ್ರು? ಹತ್ರ ಯಾರಿದ್ರು?"

ಬೆಳಗಿನ ಜಾವ ಎಂದು ಹೇಳಬಹುದಿತ್ತು. ನಿಮಗೂ ಹಾಗೆಯೇ ಬರೆದಿದ್ದೆ. ಅವರ ಮುಖ ನೋಡಿ ಆಗಲಿಲ್ಲ. ಅವರು ಸುಮ್ಮನೆ ಕೇಳುತ್ತಿರಲಿಲ್ಲ, ಮುಂದೆ ತಾವು ಏನನ್ನು ನೋಡಬೇಕಾಗುತ್ತದೆ ಎಂದು ತಿಳಿಯಲು ಕೇಳುತ್ತಿದ್ದರು.

"ಮಧ್ಯಾಹ್ನ, ಮೂರು ಗಂಟೆ ಆದ್ಮೇಲೆ," ಎಂದೆ. "ಹತ್ರ ಯಾರೂ ಇರ್ಲಿಲ್ಲ. ಅಮ್ಮ ಮಲಗಿದ್ರು. ಟೀಚರ್ ಪ್ರಾರ್ಥನೆ ಮಾಡ್ತಿದ್ದಾರೆ ಅಂತ ನಾನು ಹೊರಗೆ ಹೋಗಿ ಕೂತಿದ್ದೆ."

ಆ ಗಂಟೆ ಯಾರದು ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಮರಿಯಮ್ಮಕ್ಕ ಅಲ್ಲೇ ಚಾಪೆಯ ಮೇಲೆ ಕುಳಿತುಬಿಟ್ಟರು. ಅಯ್ಯನವರು ಆರಾಧನೆಯ ಹಾಡು ಶುರು ಮಾಡಿದರು, ಮೊದಲ ಸಾಲಿಗೆ ಅವರೊಬ್ಬರದೇ ದನಿ ಇತ್ತು.

ನಿಮ್ಮ ಬೀದಿಯ ತಿರುವಿನವರೆಗೆ ಬಂದೆ. ನೀಲಿ ಬಾಗಿಲು ಕಂಡಿತು. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋದೆ.

ಹೇಮಾಶ್ರೀ


ಅರಸೀಕೆರೆ
೨೪ ಏಪ್ರಿಲ್ ೨೦೨೪

ಹೇಮಾ,

ಅಕ್ಕ ಮನೆಗೆ ಬಂದವಳೇ ಪಾತ್ರೆ ತೊಳೆಯಲು ಕೂತಳು. ಎಲ್ಲ ಪಾತ್ರೆ ಮುಗಿದ ಮೇಲೆ ಹೇಳಿದಳು. ಆಮೇಲೆ ನಿನ್ನ ಕಾಗದ ಬಂತು.

ಬೆಳಗಿನ ಜಾವ ಹೋದ ಎಂಬ ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಹೆಚ್ಚು ಚುಚ್ಚಿತು. ಅದನ್ನು ಏಕೆ ಹೇಳಿದೆ ಎಂದು ನನಗೆ ಗೊತ್ತು. ನೀನು ಒಬ್ಬನನ್ನು ನನ್ನ ಕೈಯಲ್ಲಿ ಬಿಟ್ಟುಹೋಗಿದ್ದೆ. ಅವನು ನನ್ನ ಕೈಯಿಂದಲೇ ಜಾರಿದ. ಆ ದಿನ ಆ ಹೊತ್ತಿನಲ್ಲಿ ನಾನು ಏನು ಬೇಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಿಲ್ಲ. ತೂಕಡಿಸುತ್ತಿದ್ದೆನೇನೋ. ಇದನ್ನು ನಿನ್ನ ಬಿಟ್ಟು ಯಾರಿಗೂ ಹೇಳಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಶಿಲುಬೆಯ ಕಥೆಯನ್ನು ವರ್ಷ ವರ್ಷವೂ ಹೇಳಿದ್ದೇನೆ, ಚಿತ್ರ ತೋರಿಸಿ. ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಶಿಲುಬೆಯ ಮೇಲಿಂದ ದೇವರನ್ನು ಕೂಗಿ, ಏಕೆ ಕೈಬಿಟ್ಟೆ ಎಂದು ಕೇಳಿದ. ಉತ್ತರ ಬರಲಿಲ್ಲ. ಅಲ್ಲಿಗೆ ಬಂದಾಗ ನಾನು ಯಾವಾಗಲೂ ಹಾಳೆ ತಿರುಗಿಸಿ, ಅವನು ಎದ್ದು ಬಂದ ಮೂರನೆಯ ದಿನಕ್ಕೆ ಹೋಗಿಬಿಡುತ್ತಿದ್ದೆ. ಮಕ್ಕಳು ಹೆದರಬಾರದಲ್ಲ. ಈ ವಾರ ಹಾಳೆ ತಿರುಗಲಿಲ್ಲ. ಆ ಮೂರು ಗಂಟೆಯಲ್ಲೇ ಮಲಗಿದ್ದೆ. ದೇವರ ಮಗನೇ ಕೂಗಿ ಉತ್ತರ ಸಿಗದ ಹೊತ್ತು ಅದು. ಆ ಹೊತ್ತು ಎಂಥದ್ದು ಎಂದು ಅವನಿಗೆ ಗೊತ್ತಿದೆ. ಹನ್ನೆರಡು ವರ್ಷ ನಾನು ಅದೇ ಗಂಟೆಯಲ್ಲಿ ಅವನ ಹತ್ತಿರ ಬೆರಳು ಕೇಳಿದೆ, ಕಾಲು ಕೇಳಿದೆ. ಅವನು ಅಲ್ಲೇ ತೂಗುತ್ತಿದ್ದುದನ್ನು ನೋಡಲಿಲ್ಲ.

ನನಗೆ ತಿಳಿದದ್ದು ಇಷ್ಟೇ. ನೋವು ಹಾಗೇ ಇದೆ, ಹುಣ್ಣು ಹಾಗೇ ಇದೆ. ಶುಕ್ರವಾರ ಮೂರಕ್ಕೆ ಅಕ್ಕನಿಗೆ ಗಡಿಯಾರದ ಕಡೆ ತಿರುಗಿಸಲು ಹೇಳಿದೆ. ಪುಸ್ತಕ ತೆರೆದು ಮೂವತ್ತು ಹೆಸರು ಓದಿದೆ. ಏನನ್ನೂ ಬೇಡಲಿಲ್ಲ. ಒಬ್ಬೊಬ್ಬರ ಹೆಸರಿಗೂ, ಸ್ವಾಮೀ, ನೀನು ಅಲ್ಲಿರು ಎಂದೆ.

ಚೇತನನ ಹತ್ತಿರ ಯಾರೂ ಇರಲಿಲ್ಲ ಎಂದು ಸಭೆಯಲ್ಲಿ ಹೇಳಿದೆಯಂತೆ. ಉಳಿದದ್ದೆಲ್ಲ ನಿಜವೆಂದು ಒಪ್ಪುತ್ತೇನೆ. ಆ ಒಂದು ಮಾತನ್ನು ಒಪ್ಪುವುದಿಲ್ಲ.

ನಿನ್ನನ್ನು ಸಮಾಧಾನ ಮಾಡಲು ಇದನ್ನು ಬರೆಯುತ್ತಿಲ್ಲ. ಸಿಟ್ಟು ಇನ್ನೂ ಇದೆ. ಕೋಮಲಳ ಗಂಡ ದಿಂಬು ಬೇಡ ಎಂದು ಮತ್ತೆ ಮಲಗಿಬಿಟ್ಟಿದ್ದಾನಂತೆ. ಅವನಿಗೂ ನೀನೇ ಬಾಯಿಂದ ಹೇಳಬೇಕು. ಹೋಗು.

ರಾಣಿ


ಬಿಕ್ಕೋಡು
೧೧ ಮೇ ೨೦೨೪

ಪ್ರೀತಿಯ ಟೀಚರಿಗೆ,

ಈ ಕಾಗದವನ್ನು ಕೋಮಲಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಗೆ ಇದು ಐದನೆಯ ಸಲ. ದೇವೇಂದ್ರಣ್ಣನನ್ನು ಒಬ್ಬರನ್ನೇ ಬಿಟ್ಟುಹೋಗಲಾಗದೆ ಅಕ್ಕ ತೋಟದ ಕೆಲಸ ಬಿಟ್ಟಿದ್ದರು. ಈಗ ಮಂಗಳವಾರ, ಶನಿವಾರ ನಾನು ಬೆಳಗಿನ ಬಸ್ಸಿಗೆ ಬಂದು ಸಂಜೆ ಹೋಗುತ್ತೇನೆ, ಆ ಎರಡು ದಿನ ಅವರು ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಮೊದಲ ದಿನ, "ಒಬ್ಬನ್ನ ಮಣ್ಣು ಮಾಡಿ ಕೈ ತೊಳ್ದಿಲ್ಲ, ಇನ್ನೊಬ್ಬನ್ನ ಹುಡಿಕ್ಕೊಂಡ್ಯಾ?" ಎಂದರು. ಎರಡನೆಯ ದಿನ ಬುತ್ತಿಯಲ್ಲಿ ಒಂದು ರಾಗಿಮುದ್ದೆ ಹೆಚ್ಚಿಗೆ ಇತ್ತು.

ನಾನು ಮೊದಲು ಬಂದಾಗ ದೇವೇಂದ್ರಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಿರುಗದೆಯೇ "ನೀನೇನಾ ಬೆರಳಿನ ಹುಡ್ಗಿ?" ಎಂದರು. ಹೌದು ಎಂದೆ. ಎಲ್ಲವನ್ನೂ ಹೇಳಿದೆ. ಪಂಪ್‌ಹೌಸಿನ ಮಾತನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಒಂದು ತಿಂಗ್ಳು ನನ್ ಕಾಲ್ನ ನಾನೇ ನಂಬ್ಕಂಡು ಕೂತಿದ್ದೆ ಕಣವ್ವ. ಸುಳ್ ಹೇಳಿದ್ರೂ ದಂಡಿಯಾಗ್ ಹೇಳಿದ್ದೆ," ಎಂದರು. ಆಮೇಲೆ ಬಹಳ ಹೊತ್ತು ಅತ್ತರು. ನಾನು ಹೊರಗೆ ಹೋಗಲಿಲ್ಲ.

ಅವರ ಬೆನ್ನಿನಲ್ಲಿ ಎರಡು ಕಡೆ ಹುಣ್ಣಾಗುವುದರಲ್ಲಿತ್ತು. ತಿರುಗಿಸುವುದನ್ನು ಕೋಮಲಕ್ಕನಿಗೆ ಕಲಿಸಿದ್ದೇನೆ. ದೇವೇಂದ್ರಣ್ಣ ಎದ್ದು ನಡೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಡಾಕ್ಟರೂ ಹೇಳುವುದಿಲ್ಲ. ಈ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.

ಮೋಟಾರಿನ ಸದ್ದು ನಿಂತಿಲ್ಲ. ಇಲ್ಲಿಗೂ ಬರುತ್ತದೆ. ಮೊದಲಿನ ಹಾಗೆ ಅದರಿಂದ ಓಡಿಹೋಗುವುದನ್ನು ಬಿಟ್ಟಿದ್ದೇನೆ.

ಇವತ್ತು ಮೂರಕ್ಕೆ ಅವರನ್ನು ತಿರುಗಿಸಿ, ಮಂಚದ ಪಕ್ಕ ನಿಂತು, ಮೊದಲ ಸಲ ಬಾಯಿಬಿಟ್ಟು ಪ್ರಾರ್ಥಿಸಿದೆ. ನಿಮ್ಮ ಮಾತನ್ನೇ ಹೇಳಿದೆ. ಸ್ವಾಮೀ, ಇಲ್ಲಿರು ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅಣ್ಣನ ಕೋಣೆಯಲ್ಲೂ ಆ ಸ್ವಾಮಿ ಹೀಗೆ ಇದ್ದಿರಬಹುದು ಅನಿಸಿತು. ಎಷ್ಟು ಗಟ್ಟಿಯಾಗಿ ಹಾಗೆ ಅನಿಸಿತು ಎಂದರೆ, ತಿರುಗಿ ನೋಡಲು ಭಯವಾಯಿತು.

ದೇವೇಂದ್ರಣ್ಣ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ.

"ಯಾರ್ ಜೊತೆ ಮಾತಾಡ್ತಿದ್ದೀಯವ್ವ?" ಎಂದರು.

"ಟೀಚರ್ ದೇವ್ರ ಜೊತೆ."

"ಇಲ್ಲೇ ಅವ್ರಾ?"

"ಇದ್ದಾರೆ ಅನ್ಸುತ್ತೆ ಅಣ್ಣ."

ಅವರು ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿದರು. "ಬಂದೋರ್ನ ಹಂಗೇ ನಿಲ್ಸಬಾರ್ದು," ಎಂದರು. "ಕೂತ್ಕಳಾಕೆ ಹೇಳು."

ತಮಾಷೆಗೆ ಹೇಳಿದರೋ ಏನೋ ತಿಳಿಯಲಿಲ್ಲ. ಅವರ ಮುಖದಲ್ಲಿ ನಗು ಇರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಒಣಗಿದ ಬಟ್ಟೆ ರಾಶಿ ಬಿದ್ದಿತ್ತು. ಅದನ್ನು ತೆಗೆದು ನೆಲದ ಮೇಲಿಟ್ಟೆ. ಸ್ಟೂಲನ್ನು ಒರೆಸಿ ಮಂಚದ ಹತ್ತಿರಕ್ಕೆ ಎಳೆದೆ.

ನಿಮ್ಮ
ಹೇಮಾಶ್ರೀ